ಹಗುರ ಕಾಂಕ್ರೀಟ್‌ ಬ್ಲಾಕಿನ ಮನೆಗೆ ಬೆಂಕಿಯ ಭಯವಿಲ್ಲವೇ? ಗೋಡೆ, ಛಾವಣಿ ಹಳೆಯದಾದಾಗ ಏನಾಗುತ್ತದೆ?

ಸಂಕ್ಷಿಪ್ತವಾಗಿ

‘ಲೈಟ್‌ವೇಟ್‌ ಬ್ಲಾಕಿನಲ್ಲಿ ಮನೆ ಕಟ್ಟಿದರೆ ಬೆಂಕಿಯ ಚಿಂತೆ ಇಲ್ಲ’ ಎಂಬ ಮಾತು ಮನೆ ಕಟ್ಟಿಸುವವರ ಕಿವಿಗೆ ಬಿದ್ದೇ ಇರುತ್ತದೆ. ‘ಹಗುರ ಕಾಂಕ್ರೀಟ್‌ ಹಳೆಯದಾದರೆ ಹಪ್ಪಳದಂತೆ ಪುಡಿಯಾಗುತ್ತದೆ, ವಿದೇಶದಲ್ಲಿ ಶಾಲೆಗಳನ್ನೇ ಮುಚ್ಚಿಸಿದ್ದಾರೆ’ ಎನ್ನುವವರೂ ಇದ್ದಾರೆ. ಈ ಎರಡು ಮಾತುಗಳನ್ನೂ ನಾವು ಪರಿಶೀಲಿಸಿದೆವು. ಎರಡರಲ್ಲೂ ಸ್ವಲ್ಪ ನಿಜವಿದೆ, ಎರಡೂ ಅರ್ಧದಲ್ಲೇ ನಿಂತಿವೆ. ಬ್ಲಾಕ್‌ ಉರಿಯುವುದಿಲ್ಲ ಎಂಬುದು ಸರಿ. ಆದರೆ ಬೆಂಕಿಯನ್ನು ತಡೆಯುವುದು ಇಡೀ ಗೋಡೆ. ಕಾಲ ಕಳೆದಂತೆ ಕೆಡುವುದು ಬ್ಲಾಕಿಗಿಂತ ಹೆಚ್ಚಾಗಿ ಅದರ ಸಂದುಗಳು, ತೂತುಗಳು, ಗಿಲಾವು ಮತ್ತು ಪಕ್ಕದ ಪಿಲ್ಲರ್‌, ಬೀಮುಗಳು. ಉಕ್ಕಿನ ಸರಳು ಹಾಕಿದ ಹಗುರ ಕಾಂಕ್ರೀಟಿನ ಛಾವಣಿ ಹಲಗೆಗಳದ್ದು ಬೇರೆಯೇ ಲೆಕ್ಕ.

ಹಗುರ ಕಾಂಕ್ರೀಟ್‌ ಎಂದರೆ ಯಾವುದು?

ಮಾರುಕಟ್ಟೆಯಲ್ಲಿ ‘ಲೈಟ್‌ವೇಟ್‌’ ಎಂಬ ಒಂದೇ ಹೆಸರಿನಲ್ಲಿ ಹಲವು ವಸ್ತುಗಳು ಸಿಗುತ್ತವೆ. ಬೆಂಕಿಯ ಮುಂದೆ ಒಂದೊಂದೂ ಒಂದೊಂದು ರೀತಿ ವರ್ತಿಸುವುದರಿಂದ ಮೊದಲು ಅವನ್ನು ಬೇರೆ ಬೇರೆಯಾಗಿ ಗುರುತಿಸಬೇಕು.

ಮೊದಲನೆಯದು ಎಎಸಿ ಬ್ಲಾಕ್‌. ಹಾರುಬೂದಿ ಅಥವಾ ನುಣ್ಣನೆಯ ಮರಳು, ಸಿಮೆಂಟ್‌, ಸುಣ್ಣ, ಸ್ವಲ್ಪ ಜಿಪ್ಸಂ ಮತ್ತು ಅತಿ ಕಡಿಮೆ ಪ್ರಮಾಣದ ಅಲ್ಯೂಮಿನಿಯಂ ಪುಡಿಯನ್ನು ನೀರಿನಲ್ಲಿ ಕಲಸಿ ಅಚ್ಚಿಗೆ ಸುರಿಯುತ್ತಾರೆ. ಮಿಶ್ರಣ ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. ಅರೆಗಟ್ಟಿಯಾದಾಗ ತಂತಿಯಿಂದ ಕೊಯ್ದು, ಸುಮಾರು 180ರಿಂದ 190 ಡಿಗ್ರಿ ಸೆಲ್ಸಿಯಸ್‌ ಉಗಿಯಲ್ಲಿ, ಒತ್ತಡದ ಕೊಳವೆಯೊಳಗೆ ಗಂಟೆಗಟ್ಟಲೆ ಬೇಯಿಸುತ್ತಾರೆ. ಈ ವಿಧಾನವನ್ನು 1920ರ ದಶಕದಲ್ಲಿ ಸ್ವೀಡನ್ನಿನ ಯೋಹಾನ್‌ ಆಕ್ಸೆಲ್‌ ಎರಿಕ್ಸನ್‌ ರೂಪಿಸಿದರು.

ಎರಡನೆಯದು ಸಿಎಲ್‌ಸಿ ಬ್ಲಾಕ್‌. ಇದರಲ್ಲಿ ಸಾಬೂನಿನಂಥ ನೊರೆಯನ್ನು ಗಾರೆಗೆ ಬೆರೆಸುತ್ತಾರೆ. ಉಗಿಯಲ್ಲಿ ಬೇಯಿಸದೆ ನೀರುಣಿಸಿ ಗಟ್ಟಿ ಮಾಡುತ್ತಾರೆ.

ಮೂರನೆಯದು ಥರ್ಮಾಕೋಲ್‌ ಮಣಿಗಳನ್ನು ಬೆರೆಸಿದ ಸಿಮೆಂಟ್‌ ಪ್ಯಾನೆಲ್‌, ಅಥವಾ ಎರಡು ಹಾಳೆಗಳ ನಡುವೆ ಥರ್ಮಾಕೋಲ್‌ ಇಟ್ಟ ಪ್ಯಾನೆಲ್‌. ನೋಡಲು ಗೋಡೆಯಂತೆಯೇ ಇದ್ದರೂ ಒಳಗೆ ಉರಿಯುವ ವಸ್ತುವಿದೆ.

ಇವುಗಳ ಜೊತೆ ಹಾರುಬೂದಿ ಇಟ್ಟಿಗೆಯನ್ನು ಸೇರಿಸಿ ಗೊಂದಲ ಮಾಡಿಕೊಳ್ಳುವುದೂ ಉಂಟು. ಅದು ಹಗುರ ಕಾಂಕ್ರೀಟ್‌ ಅಲ್ಲ, ಭಾರವಾದ ಇಟ್ಟಿಗೆ. ಗುರುತಿಸುವ ಸುಲಭ ದಾರಿ ಇದೆ. ಒಣಗಿದ ಎಎಸಿ ಬ್ಲಾಕಿನ ತುಂಡನ್ನು ಬಕೆಟ್‌ ನೀರಿಗೆ ಹಾಕಿದರೆ ತೇಲುತ್ತದೆ, ಹಾರುಬೂದಿ ಇಟ್ಟಿಗೆ ಮುಳುಗುತ್ತದೆ. ಎಎಸಿ ಬ್ಲಾಕ್‌ ಸಾಮಾನ್ಯವಾಗಿ ಘನ ಮೀಟರಿಗೆ 550ರಿಂದ 650 ಕಿಲೋ ತೂಗುತ್ತದೆ. ನಾವು ಸ್ಲ್ಯಾಬಿಗೆ ಹಾಕುವ ಕಾಂಕ್ರೀಟ್‌ ಸುಮಾರು 2,400 ಕಿಲೋ ತೂಗುತ್ತದೆ.

ಬಳ್ಳಾರಿ ಭಾಗಕ್ಕೆ ಹಾರುಬೂದಿ ಹೊಸದಲ್ಲ. ಕುಡತಿನಿಯ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್‌ ಕೇಂದ್ರದಲ್ಲಿ 500, 500 ಮತ್ತು 700 ಮೆಗಾವ್ಯಾಟಿನ ಮೂರು ಘಟಕಗಳಿವೆ. ಕಲ್ಲಿದ್ದಲು ಉರಿದಲ್ಲಿ ಬೂದಿ ಇದ್ದೇ ಇರುತ್ತದೆ. ಈ ಬೂದಿಯನ್ನು ಇಟ್ಟಿಗೆ, ಬ್ಲಾಕ್‌, ಸಿಮೆಂಟ್‌ ಮುಂತಾದವುಗಳಿಗೆ ಬಳಸಬೇಕೆಂದು ಕೇಂದ್ರ ಪರಿಸರ ಸಚಿವಾಲಯ 1999ರಿಂದ ಅಧಿಸೂಚನೆಗಳನ್ನು ಹೊರಡಿಸುತ್ತಾ ಬಂದಿದೆ. ಕೆರೆ ಮಣ್ಣು ಸುಟ್ಟು ಇಟ್ಟಿಗೆ ಮಾಡುವುದಕ್ಕಿಂತ ಇದು ಒಳ್ಳೆಯದೇ. ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಹಗುರ ಬ್ಲಾಕಿನ ಗೋಡೆ ಒಳಮನೆಯನ್ನು ತಂಪಾಗಿಡಲೂ ನೆರವಾಗುತ್ತದೆ.

ಹೊಸ ಬ್ಲಾಕ್‌ ಗೋಡೆ ಬೆಂಕಿಯನ್ನು ಹೇಗೆ ತಡೆಯುತ್ತದೆ?

ಎಎಸಿ ಬ್ಲಾಕಿನಲ್ಲಿ ಉರಿಯುವ ವಸ್ತುವೇ ಇಲ್ಲ. ಅದರೊಳಗಿನ ಲಕ್ಷಾಂತರ ಪುಟ್ಟ ಗಾಳಿಗುಳ್ಳೆಗಳು ಶಾಖ ದಾಟದಂತೆ ತಡೆಯುತ್ತವೆ. ಸಾಮಾನ್ಯ ಕಾಂಕ್ರೀಟಿಗೆ ಹೋಲಿಸಿದರೆ ಅದರ ಮೂಲಕ ಶಾಖ ಹರಿಯುವ ವೇಗ ಆರೇಳು ಪಟ್ಟು ಕಡಿಮೆ.

ಗೋಡೆಯ ತಾಳಿಕೆಯನ್ನು ಪ್ರಯೋಗಾಲಯದಲ್ಲಿ ಅಳೆಯುವ ಕ್ರಮವಿದೆ. ಗೋಡೆಯ ಒಂದು ಬದಿಗೆ ಕುಲುಮೆಯ ಬೆಂಕಿ ಕೊಡುತ್ತಾರೆ. ಅಂತರರಾಷ್ಟ್ರೀಯವಾಗಿ ಒಪ್ಪಿದ ಲೆಕ್ಕದಂತೆ ಕುಲುಮೆಯ ಉಷ್ಣತೆ 10 ನಿಮಿಷದಲ್ಲಿ ಸುಮಾರು 680 ಡಿಗ್ರಿ, ಅರ್ಧ ಗಂಟೆಯಲ್ಲಿ ಸುಮಾರು 840 ಡಿಗ್ರಿ, ಒಂದು ಗಂಟೆಯಲ್ಲಿ ಸುಮಾರು 945 ಡಿಗ್ರಿ, ಎರಡು ಗಂಟೆಯಲ್ಲಿ ಸುಮಾರು 1,050 ಡಿಗ್ರಿ ಮುಟ್ಟುತ್ತದೆ. ಇಷ್ಟು ಶಾಖದಲ್ಲಿ ಮೂರು ಸಂಗತಿಗಳನ್ನು ನೋಡುತ್ತಾರೆ. ಗೋಡೆ ಬೀಳದೆ ನಿಂತಿದೆಯೇ? ಬಿರುಕಿನ ಮೂಲಕ ಜ್ವಾಲೆ, ಬಿಸಿ ಹೊಗೆ ಆಚೆ ಬದಿಗೆ ನುಗ್ಗಿದೆಯೇ? ಆಚೆ ಬದಿಯ ಮೈ ಸರಾಸರಿ 140 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿದೆಯೇ? ಈ ಮೂರರಲ್ಲಿ ಯಾವುದಾದರೂ ಒಂದು ತಪ್ಪಿದ ಕ್ಷಣಕ್ಕೆ ಗೋಡೆಯ ಅವಧಿ ಮುಗಿಯಿತು.

ನಾಲ್ಕಿಂಚಿನ ಎಎಸಿ ಗೋಡೆಗೆ 2 ಗಂಟೆ, ಎಂಟಿಂಚಿನ ಗೋಡೆಗೆ 4 ಗಂಟೆ ಎಂದು ತಯಾರಕರು ಸಾಮಾನ್ಯವಾಗಿ ನಮೂದಿಸುವುದು ಇಂಥ ಪರೀಕ್ಷೆಗಳ ಆಧಾರದ ಮೇಲೆ. ಸರಿಯಾಗಿ ಕಟ್ಟಿದ ಗೋಡೆಗೆ ಇದು ದೊಡ್ಡ ಉತ್ಪ್ರೇಕ್ಷೆಯೇನೂ ಅಲ್ಲ. ಆದರೆ ಒಂದನ್ನು ಗಮನಿಸಬೇಕು. ಪರೀಕ್ಷೆಗೆ ನಿಲ್ಲಿಸಿದ ಗೋಡೆ ಹೊಸದು, ಸಂದು ತುಂಬಿದ್ದು, ತೂತಿಲ್ಲದ್ದು. ಹದಿನೈದು ವರ್ಷ ಬಾಳಿದ, ಎಸಿ ಪೈಪಿಗೆಂದು ಕೊರೆದ, ಬುಡದಲ್ಲಿ ನೀರು ಕುಡಿದ ಗೋಡೆಗೆ ಆ ಗಂಟೆಗಳ ಲೆಕ್ಕ ಹಾಗೆಯೇ ಅನ್ವಯಿಸುವುದಿಲ್ಲ.

ಬ್ಲಾಕಿನೊಳಗೆ ಹೈಡ್ರೋಜನ್‌ ಉಳಿದಿದ್ದು ಸಿಡಿಯುತ್ತದೆಯೇ?

ಇಲ್ಲ. ಅಲ್ಯೂಮಿನಿಯಂ ಪುಡಿ ಸುಣ್ಣದ ನೀರಿನೊಂದಿಗೆ ಸೇರಿದಾಗ ಹೈಡ್ರೋಜನ್‌ ಹುಟ್ಟುವುದು ನಿಜ. ಮಿಶ್ರಣ ಉಬ್ಬುವುದೂ ಅದರಿಂದಲೇ. ಆದರೆ ಹೈಡ್ರೋಜನ್‌ ಅತ್ಯಂತ ಹಗುರವಾದ ಅನಿಲ. ಕಾರ್ಖಾನೆಯಲ್ಲೇ ಅದು ಹೊರಹೋಗಿ ಗುಳ್ಳೆಗಳಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಹೈಡ್ರೋಜನ್ನಿನ ಬಗ್ಗೆ ಎಚ್ಚರ ವಹಿಸಬೇಕಾದವರು ಕಾರ್ಖಾನೆಯವರು. ಮನೆಯ ಗೋಡೆಯಲ್ಲಿ ಅದರ ಭಯವಿಲ್ಲ.

ಇನ್ನೂ ಒಂದು ವಿಷಯದಲ್ಲಿ ಎಎಸಿ ವಾಸಿ. ಬಹಳ ದಟ್ಟವಾದ ಕಾಂಕ್ರೀಟಿನಲ್ಲಿ ಸಿಕ್ಕಿಕೊಂಡ ತೇವ ಬೆಂಕಿಯ ಶಾಖಕ್ಕೆ ಉಗಿಯಾಗಿ, ಹೊರಬರಲು ದಾರಿ ಸಿಗದೆ, ಮೇಲ್ಪದರವನ್ನು ಸಿಡಿಸುವುದುಂಟು. ಎಎಸಿಯಲ್ಲಿ ರಂಧ್ರಗಳಿರುವುದರಿಂದ ಉಗಿ ಹೊರಬರುತ್ತದೆ, ಹಾಗೆ ಸಿಡಿಯುವ ಸಂಭವ ಕಡಿಮೆ. ಆದರೆ ಸುಮಾರು 700 ಡಿಗ್ರಿ ದಾಟಿದ ಮೇಲೆ ಅದರ ಹರಳುಗಳಲ್ಲಿ ಬಂಧಿಯಾಗಿದ್ದ ನೀರೂ ಹೋಗಿ, ಬ್ಲಾಕ್‌ ಕುಗ್ಗಿ ಬಿರುಕು ಬಿಡುತ್ತದೆ. ಬೆಂಕಿ ತಡೆದ ಬ್ಲಾಕನ್ನು ಮತ್ತೆ ಬಳಸಬಹುದು ಎಂದು ಹಾಗಾಗಿ ಹೇಳಲಾಗದು.

ಗೋಡೆಗೆ ವಯಸ್ಸಾಗುವುದು ಹೇಗೆ?

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಮನೆಗಳಲ್ಲಿ ಗೋಡೆಯನ್ನು ಕಾಡುವ ಕಾರಣಗಳು ಕಣ್ಣಿಗೆ ಕಾಣುವಂಥವೇ.

ಎರೆ ಮಣ್ಣು: ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುವ ಈ ಮಣ್ಣಿನ ಮೇಲೆ ಅಡಿಪಾಯ ಆಳವಾಗಿ ಹೋಗದಿದ್ದರೆ ಕಟ್ಟಡ ಪ್ರತಿ ವರ್ಷ ಸ್ವಲ್ಪ ಅಲುಗಾಡುತ್ತದೆ. ಎಎಸಿ ಬ್ಲಾಕ್‌ ಒತ್ತುವ ಭಾರ ತಾಳಿದರೂ ಜಗ್ಗುವುದನ್ನು, ತಿರುಚುವುದನ್ನು ಅಷ್ಟಾಗಿ ತಾಳುವುದಿಲ್ಲ. ಮೊದಲು ಬಾಯಿ ಬಿಡುವುದು ಬ್ಲಾಕ್‌ ಗೋಡೆ ಮತ್ತು ಪಿಲ್ಲರ್‌ ಸೇರುವ ಉದ್ದುದ್ದ ಸಂದು, ಬೀಮಿನ ಕೆಳಗಿನ ಅಡ್ಡ ಸಂದು. ಒಂದು ಕೋಣೆಯ ಬಿಸಿ ಹೊಗೆ ಮುಂದಿನ ಕೋಣೆಗೆ ದಾಟಲು ಅದೇ ದಾರಿ.

ನೀರು ಮತ್ತು ಸವಳು: ತುಂಗಭದ್ರಾ ಕಾಲುವೆ ನೀರಾವರಿಯ ಸಿರುಗುಪ್ಪ ಭಾಗದಲ್ಲಿ ಭತ್ತದ ಗದ್ದೆಗಳ ನಡುವೆ ನೆಲ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಸವಳು ಮಣ್ಣೂ ಇದೆ. ಎಎಸಿ ಬ್ಲಾಕ್‌ ತನ್ನ ಒಣ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರು ಕುಡಿಯಬಲ್ಲದು. ಬುಡದಲ್ಲಿ ತೇವ ತಡೆಯುವ ಪದರ ಹಾಕದಿದ್ದರೆ ನೀರು ಮೇಲೇರಿ, ಉಪ್ಪು ಬಿಳಿಯಾಗಿ ಹೊರಬಂದು, ಗಿಲಾವು ಉದುರುತ್ತದೆ. ಗಿಲಾವು ಬರೀ ಚಂದಕ್ಕಿರುವುದಲ್ಲ. ಸಂದುಗಳನ್ನು ಮುಚ್ಚಿ ಹೊಗೆಯನ್ನು ತಡೆಯುವ ಪದರವೂ ಅದೇ. ಅಲ್ಲಿನ ತೇವ ಕಬ್ಬಿಣದ ಸ್ವಿಚ್‌ ಡಬ್ಬಿಗೂ, ಹಳೆಯ ತಂತಿಯ ಜೋಡಣೆಗೂ ತಲುಪಿದರೆ ಶಾರ್ಟ್‌ ಸರ್ಕ್ಯೂಟಿಗೆ ಕಾರಣವಾಗುತ್ತದೆ. ಒಂದೇ ತೇವ ಬೆಂಕಿ ಹುಟ್ಟುವುದಕ್ಕೂ ಅದು ಹರಡುವುದಕ್ಕೂ ನೆರವಾಗುತ್ತದೆ.

ಬಿಸಿಲು: ಕಾಂಕ್ರೀಟ್‌ ಚೌಕಟ್ಟು ಮತ್ತು ಹಗುರ ಬ್ಲಾಕ್‌ ಬಿಸಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಎರಡೂ ಸೇರುವಲ್ಲಿ ಗಿಲಾವಿನ ಕೆಳಗೆ ಜಾಲರಿ ಹಾಕದಿದ್ದರೆ ವರ್ಷಗಳಲ್ಲಿ ಗೆರೆ ಮೂಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್‌ ಕೂಡ ನಿಧಾನವಾಗಿ ಬ್ಲಾಕಿನೊಂದಿಗೆ ಬೆರೆತು ಅದನ್ನು ಸ್ವಲ್ಪ ಕುಗ್ಗಿಸುತ್ತದೆ.

ಕೊರೆತ: ಎಎಸಿಯನ್ನು ಕೊರೆಯುವುದು ಸುಲಭ. ಹಾಗಾಗಿಯೇ ಮನಸ್ಸಿಗೆ ಬಂದಂತೆ ಕೊರೆಯುತ್ತಾರೆ. ನಾಲ್ಕಿಂಚಿನ ಗೋಡೆಯಲ್ಲಿ ಎರಡಿಂಚು ಆಳದ ಗಾಡಿ ತೆಗೆದು ವೈರಿಂಗ್‌ ಪೈಪ್‌ ಕೂರಿಸಿದರೆ ಅಲ್ಲಿ ಉಳಿಯುವುದು ಎರಡೇ ಇಂಚು. ಗೋಡೆಯ ಎರಡೂ ಬದಿಗೆ ಒಂದೇ ಜಾಗದಲ್ಲಿ ಸ್ವಿಚ್‌ ಬೋರ್ಡ್‌ ಬಂದರೆ ನಡುವೆ ಉಳಿಯುವುದು ಇನ್ನೂ ಕಡಿಮೆ. ಎಸಿ, ಇಂಟರ್ನೆಟ್‌ ಕೇಬಲ್‌, ನೀರಿನ ಪೈಪ್‌ ಎಂದು ಪ್ರತಿ ವರ್ಷ ಒಂದೊಂದು ತೂತು ಸೇರುತ್ತಾ ಹೋಗುತ್ತದೆ. ಎಷ್ಟೋ ಕಡೆ ಅದನ್ನು ಮುಚ್ಚುವುದು ಸ್ಪ್ರೇ ಫೋಮಿನಿಂದ. ಸಾಮಾನ್ಯ ಪಾಲಿಯುರೆಥೇನ್‌ ಫೋಮ್‌ ಉರಿಯುವ ವಸ್ತು, ವಿಷಕಾರಿ ಹೊಗೆಯನ್ನೂ ಬಿಡುತ್ತದೆ.

ಗೋಡೆ ಉರಿಯದಿದ್ದರೂ ಒಳಗಿರುವುದು ಉರಿಯುತ್ತದೆ

ಮನೆಯ ಬೆಂಕಿ ಎಷ್ಟು ಜೋರಾಗುತ್ತದೆ ಎಂಬುದು ಗೋಡೆಗಿಂತ ಹೆಚ್ಚಾಗಿ ಒಳಗೆ ತುಂಬಿದ ಸಾಮಾನಿನ ಮೇಲೆ ನಿಂತಿದೆ. ಬಳ್ಳಾರಿ ನಗರದಲ್ಲಿ ಜೀನ್ಸ್‌ ಹೊಲಿಗೆ ಮನೆಗಳಲ್ಲೂ ನಡೆಯುವ ಕಸುಬು. ಹೊಲಿಗೆ ಯಂತ್ರ, ಇಸ್ತ್ರಿ, ಬಟ್ಟೆಯ ರಾಶಿ, ಪ್ಲಾಸ್ಟಿಕ್‌ ಚೀಲ ಎಲ್ಲವೂ ಒಂದೇ ಕೋಣೆಯಲ್ಲಿರುತ್ತವೆ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು, ತೌಡು, ಗೋಣಿಚೀಲಗಳಿವೆ. ಕುರುಗೋಡು ಕಡೆಯ ಹಳ್ಳಿಗಳಲ್ಲಿ ಬೆಲೆ ಬರುವವರೆಗೆ ಹತ್ತಿ, ಒಣಮೆಣಸಿನಕಾಯಿಯನ್ನು ಮನೆಯಲ್ಲೇ ಇಟ್ಟುಕೊಳ್ಳುವ ರೈತರಿದ್ದಾರೆ. ಹತ್ತಿಯ ರಾಶಿ ಒಳಗೊಳಗೇ ಕನಲುತ್ತಾ ಹೊರಗೆ ಕಾಣದಂತೆ ಬಹಳ ಹೊತ್ತು ಉಳಿಯಬಲ್ಲದು.

ಇಂಥ ಕೋಣೆಯ ಗೋಡೆ ಎರಡು ಗಂಟೆ ತಾಳುತ್ತದೆ ಎಂದು ಭಾವಿಸಿ ಪಕ್ಕದ ಕೋಣೆಯಲ್ಲಿ ನಿಶ್ಚಿಂತೆಯಿಂದ ಮಲಗುವುದು ಅಪಾಯ. ಹೊಗೆಗೆ ಎರಡು ಗಂಟೆ ಬೇಕಿಲ್ಲ. ಬಾಗಿಲ ಸಂದು, ಬೀಮಿನ ಕೆಳಗಿನ ಬಿರುಕು, ಮುಚ್ಚದ ಪೈಪ್‌ ತೂತಿನಿಂದ ಅದು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಹೊಗೆಯಲ್ಲಿರುವ ಕಾರ್ಬನ್‌ ಮೋನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರನ್ನು ಅದು ಎಚ್ಚರಿಸುವುದಿಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲೇ ಕಹಿ ಉದಾಹರಣೆ ಇದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್‌ ಟವರ್ಸ್‌ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡು 9 ಮಂದಿ ಸತ್ತರು. ಅದು ಕಾಂಕ್ರೀಟ್‌ ಕಟ್ಟಡ. ವಿದ್ಯುತ್‌ ತಂತಿಗಳು ಹಾದುಹೋಗುವ ಡಕ್ಟಿನಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರಾಡಲಾಗದೆ ಕೆಲವರು ಕಿಟಕಿಯಿಂದ ಜಿಗಿದರು. ಅಲ್ಲಿ ಹಗುರ ಬ್ಲಾಕಿನ ಪ್ರಶ್ನೆ ಇರಲಿಲ್ಲ. ನಾವು ಅದನ್ನು ಇಲ್ಲಿ ನೆನೆಯುವುದಕ್ಕೆ ಕಾರಣ ಒಂದೇ: ಕಟ್ಟಡದ ಮೈ ಉರಿಯದಿದ್ದರೂ ತೆರೆದ ಒಂದು ದಾರಿ ಸಾಕಾಗುತ್ತದೆ. ಎರಡು, ಮೂರು ಅಂತಸ್ತಿನ ಮನೆಯಲ್ಲಿ ಆ ದಾರಿ ಮೆಟ್ಟಿಲು.

ಬ್ರಿಟನ್‌ ಶಾಲೆಗಳನ್ನು ಮುಚ್ಚಿದ್ದು ಏಕೆ?

2023ರ ಆಗಸ್ಟ್‌ 31ರಂದು, ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಲು ಕೆಲವೇ ದಿನಗಳಿದ್ದಾಗ, ಇಂಗ್ಲೆಂಡಿನಲ್ಲಿ ನೂರಕ್ಕೂ ಹೆಚ್ಚು ಶಾಲೆಗಳಿಗೆ ತಮ್ಮ ಕಟ್ಟಡಗಳ ಕೆಲ ಭಾಗಗಳನ್ನು ಮುಚ್ಚುವಂತೆ ಸರ್ಕಾರ ಸೂಚಿಸಿತು. ಕಾರಣ ಆರ್‌ಎಎಸಿ, ಅಂದರೆ ಉಕ್ಕಿನ ಸರಳು ಹಾಕಿದ ಎಎಸಿ ಹಲಗೆಗಳು. 1950ರ ದಶಕದಿಂದ 1990ರ ದಶಕದ ನಡುವಿನವರೆಗೆ ಅಲ್ಲಿನ ಶಾಲೆ, ಆಸ್ಪತ್ರೆಗಳ ಸಮತಟ್ಟು ಛಾವಣಿಗಳಿಗೆ ಇವನ್ನು ಬಳಸಿದ್ದರು. 2018ರಲ್ಲಿ ಕೆಂಟ್‌ ಪ್ರಾಂತ್ಯದ ಪ್ರಾಥಮಿಕ ಶಾಲೆಯೊಂದರ ಛಾವಣಿ ವಾರಾಂತ್ಯದಲ್ಲಿ ಕುಸಿದಿತ್ತು. ಮಕ್ಕಳು ಇಲ್ಲದಿದ್ದರಿಂದ ಜೀವಹಾನಿ ಆಗಲಿಲ್ಲ. ಅದು ಬೆಂಕಿಯಿಂದ ಆದ ಕುಸಿತವಲ್ಲ, ವಯಸ್ಸು ಮತ್ತು ನೀರಿಗೆ ಸಂಬಂಧಿಸಿದ ಸಮಸ್ಯೆ.

ಆ ಹಲಗೆಗಳ ಕಷ್ಟ ಎಲ್ಲಿದೆ ಎಂದು ತಿಳಿದರೆ ಬೆಂಕಿಯಲ್ಲಿ ಏನಾಗಬಹುದೆಂಬುದೂ ತಿಳಿಯುತ್ತದೆ. ಸಾಮಾನ್ಯ ಕಾಂಕ್ರೀಟ್‌ ಸರಳನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಗುಳ್ಳೆಗಳ ಎಎಸಿ ಹಾಗೆ ಕಚ್ಚುವುದಿಲ್ಲ. ಅದಕ್ಕಾಗಿ ಹಲಗೆಯ ತುದಿಗಳಲ್ಲಿ ಅಡ್ಡ ಸರಳುಗಳನ್ನು ಬೆಸುಗೆ ಹಾಕಿ ಹಿಡಿತ ಕೊಡುತ್ತಾರೆ. ತುದಿ ಗೋಡೆಯ ಮೇಲೆ ಸಾಕಷ್ಟು ಕೂರದಿದ್ದರೆ, ಅಥವಾ ಯಾರಾದರೂ ತುದಿಯನ್ನು ಕತ್ತರಿಸಿದ್ದರೆ ಆ ಹಿಡಿತವೇ ಇರುವುದಿಲ್ಲ. ಛಾವಣಿ ಸೋರಿದರೆ ಹಲಗೆ ನೀರು ಕುಡಿದು ಭಾರವಾಗುತ್ತದೆ, ಒಳಗಿನ ಸರಳು ತುಕ್ಕು ಹಿಡಿಯುತ್ತದೆ, ಹಲಗೆ ಬಾಗುತ್ತದೆ, ಬಾಗಿದಲ್ಲಿ ಇನ್ನಷ್ಟು ನೀರು ನಿಲ್ಲುತ್ತದೆ. ಇಂಥ ಛಾವಣಿಯ ಕೆಳಗೆ ಬೆಂಕಿ ಹೊತ್ತಿದರೆ ಬಿರುಕಿನ ಮೂಲಕ ಶಾಖ ನೇರ ಸರಳಿಗೆ ತಗಲುತ್ತದೆ. ಉಕ್ಕು ಸುಮಾರು 550ರಿಂದ 600 ಡಿಗ್ರಿಯಲ್ಲಿ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಬೆಂಕಿ ಆರಿಸಲು ಸುರಿಯುವ ನೀರೂ ಮೇಲಿನ ಭಾರಕ್ಕೆ ಸೇರುತ್ತದೆ. ಮುನ್ಸೂಚನೆ ಕೊಡದೆ ಕುಸಿಯುವ ಸಂಭವ ಇರುವುದರಿಂದ ಕೆಳಗೆ ನಿಂತ ಅಗ್ನಿಶಾಮಕ ಸಿಬ್ಬಂದಿಗೂ ಇದು ಅಪಾಯ.

ಇದು ನಮ್ಮ ಮನೆಗಳಿಗೆ ಎಷ್ಟು ಅನ್ವಯಿಸುತ್ತದೆ? ನಮ್ಮಲ್ಲಿ ಎಎಸಿಯ ಬಳಕೆ ಹೆಚ್ಚಾಗಿ ಗೋಡೆಯ ಬ್ಲಾಕಿಗೆ. ಭಾರ ಹೊರುವುದು ಆರ್‌ಸಿಸಿ ಪಿಲ್ಲರ್‌, ಬೀಮ್‌, ಸ್ಲ್ಯಾಬ್‌. ಬ್ಲಾಕಿನಲ್ಲಿ ಸರಳಿಲ್ಲ, ಹಾಗಾಗಿ ತುಕ್ಕಿನ ಪ್ರಶ್ನೆಯೂ ಇಲ್ಲ. ಬ್ರಿಟನ್ನಿನ ಛಾವಣಿ ಸುದ್ದಿ ಓದಿ ಬ್ಲಾಕ್‌ ಗೋಡೆ ಒಡೆಸುವ ಅಗತ್ಯವಿಲ್ಲ. ಆದರೆ ಸರಳು ಹಾಕಿದ ಎಎಸಿ ಹಲಗೆ ಭಾರತಕ್ಕೆ ಅಪರಿಚಿತವೂ ಅಲ್ಲ. ಅಂಥ ಛಾವಣಿ, ಮಹಡಿ ಹಲಗೆಗಳಿಗೆ ಐಎಸ್‌ 6073 ಎಂಬ ಭಾರತೀಯ ಮಾನಕ 1971ರಲ್ಲೇ ಬಂದಿದೆ. ಗೋಡೆ ಬ್ಲಾಕಿನ ಮಾನಕ ಐಎಸ್‌ 2185ರ ಮೂರನೇ ಭಾಗ, 1984ರದು. ಎರಡೂ ಬೇರೆ ಬೇರೆ ಎಂಬುದನ್ನು ಖರೀದಿಸುವಾಗ ನೆನಪಿಡಿ. ಹಳೆಯ ಕಾರ್ಖಾನೆ, ಗೋದಾಮು, ಶಾಲೆಯ ಛಾವಣಿಯಲ್ಲಿ ಸುಮಾರು ಎರಡಡಿ ಅಗಲದ ಬೂದುಬಿಳಿ ಹಲಗೆಗಳ ಸಾಲು ಕಂಡು, ಮೊಳೆಯಿಂದ ಗೀಚಿದರೆ ಪುಡಿ ಉದುರಿದರೆ, ಸ್ಟ್ರಕ್ಚರಲ್‌ ಎಂಜಿನಿಯರ್‌ ಒಬ್ಬರಿಗೆ ತೋರಿಸುವುದು ಒಳ್ಳೆಯದು.

ನಿಜವಾದ ದುರ್ಬಲ ಜಾಗ: ಪಿಲ್ಲರ್‌, ಬೀಮ್‌, ಸ್ಲ್ಯಾಬ್‌

ಹಗುರ ಬ್ಲಾಕಿನ ಮನೆಯಲ್ಲಿ ಬೆಂಕಿಯ ಹೊತ್ತಿಗೆ ಕಟ್ಟಡ ನಿಲ್ಲುವುದು ಆರ್‌ಸಿಸಿ ಚೌಕಟ್ಟಿನ ಬಲದ ಮೇಲೆ. ಅದರೊಳಗಿನ ಸರಳನ್ನು ಶಾಖದಿಂದ ಕಾಪಾಡುವುದು ಮೇಲಿನ ಕಾಂಕ್ರೀಟ್‌ ಹೊದಿಕೆ. ಗೌಂಡಿಗಳು ಇದನ್ನು ‘ಕವರ್‌’ ಎನ್ನುತ್ತಾರೆ. ಐಎಸ್‌ 456ರ ಪ್ರಕಾರ ಎರಡು ತುದಿಗಳ ಮೇಲೆ ಸುಮ್ಮನೆ ಕೂತ ಸ್ಲ್ಯಾಬ್‌ 1 ಗಂಟೆ ಬೆಂಕಿ ತಾಳಬೇಕಾದರೆ 20 ಮಿಲಿಮೀಟರ್‌ ಕವರ್‌ ಬೇಕು, 2 ಗಂಟೆಗೆ 35 ಮಿಲಿಮೀಟರ್‌ ಬೇಕು.

ಕವರ್‌ ಬ್ಲಾಕ್‌ ಇಡದೆ ಸರಳನ್ನು ನೇರ ಸೆಂಟ್ರಿಂಗ್‌ ಹಲಗೆಯ ಮೇಲೆ ಮಲಗಿಸಿ ಕಾಂಕ್ರೀಟ್‌ ಸುರಿದರೆ ಈ ಹೊದಿಕೆ ಮೊದಲ ದಿನವೇ ಇರುವುದಿಲ್ಲ. ಸರಿಯಾಗಿ ಹಾಕಿದ್ದರೂ ಮಾಳಿಗೆ ಸೋರಿ ಸರಳು ತುಕ್ಕು ಹಿಡಿದರೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕೆಳಗಿನ ಕಾಂಕ್ರೀಟನ್ನು ಒದ್ದು ಉದುರಿಸುತ್ತದೆ. ಅಡುಗೆಮನೆ, ಬಚ್ಚಲಿನ ಮೇಲ್ಭಾಗದಲ್ಲಿ ಸರಳು ಹೊರಗೆ ಕಾಣುವ ಸ್ಲ್ಯಾಬ್‌ಗಳು ಎಷ್ಟೋ ಮನೆಗಳಲ್ಲಿವೆ. ಅಡುಗೆಮನೆಯಲ್ಲಿ ಗ್ಯಾಸ್‌ ಬೆಂಕಿ ಎದ್ದರೆ ಆ ಸರಳಿಗೆ ಯಾವ ಹೊದಿಕೆಯೂ ಇಲ್ಲ. ಬ್ಲಾಕ್‌ ಯಾವುದು ಎಂದು ಚಿಂತಿಸುವ ಮೊದಲು ತಲೆಯ ಮೇಲಿನ ಸ್ಲ್ಯಾಬನ್ನು ನೋಡುವುದು ಮುಖ್ಯ.

ಥರ್ಮಾಕೋಲ್‌ ಪ್ಯಾನೆಲ್‌, ಹೊರಗಿನ ಹೊದಿಕೆ

ಮಾಳಿಗೆಯ ಮೇಲೊಂದು ಕೋಣೆ, ಅಂಗಡಿಯೊಳಗೊಂದು ವಿಭಾಗ ಎಂದು ಬೇಗ ಎಬ್ಬಿಸುವ ಪ್ಯಾನೆಲ್‌ ಗೋಡೆಗಳನ್ನೂ ‘ಲೈಟ್‌ವೇಟ್‌ ಕಾಂಕ್ರೀಟ್‌’ ಎಂದೇ ಮಾರುವುದುಂಟು. ಥರ್ಮಾಕೋಲ್‌ ಸುಮಾರು 100 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ, ಮುಂದೆ ಕರಗಿ ಕಪ್ಪು ಹೊಗೆಯೊಂದಿಗೆ ಉರಿಯುತ್ತದೆ. ಹೊರಗಿನ ಸಿಮೆಂಟ್‌ ಪದರ ಗಟ್ಟಿಯಾಗಿರುವವರೆಗೆ ಅದು ಕಾಪಾಡುತ್ತದೆ. ಅಂಚು ಒಡೆದರೆ, ಕೊರೆದ ತೂತು ತೆರೆದೇ ಇದ್ದರೆ ಬೆಂಕಿ ಒಳಗೆ ಹೋಗುತ್ತದೆ. ಇಂಥ ಪ್ಯಾನೆಲ್‌ ಕೊಳ್ಳುವಾಗ ಅಗ್ನಿ ನಿರೋಧಕ ಪರೀಕ್ಷೆಯ ವರದಿ ಕೇಳಿ. ವರದಿ ಇಡೀ ಪ್ಯಾನೆಲ್‌ ಗೋಡೆಯದ್ದೇ, ಬರೀ ಹೊರಗಿನ ಹಾಳೆಯದ್ದೇ ಎಂಬುದನ್ನೂ ನೋಡಿ.

ಹೊರಗೆ ಚಂದಕ್ಕೆ ಹಾಕುವ ಹೊದಿಕೆಯೂ ಇದೇ ಪಾಠ ಹೇಳುತ್ತದೆ. 2017ರ ಜೂನ್‌ 14ರಂದು ಲಂಡನ್ನಿನ ಗ್ರೆನ್‌ಫೆಲ್‌ ಟವರ್‌ ಬೆಂಕಿಯಲ್ಲಿ 72 ಮಂದಿ ಸತ್ತರು. ಕಾಂಕ್ರೀಟ್‌ ಚೌಕಟ್ಟು ನಿಂತೇ ಇತ್ತು. ಹೊತ್ತಿ ಉರಿದದ್ದು ಮೇಲೆ ಹೊದಿಸಿದ, ಒಳಗೆ ಪ್ಲಾಸ್ಟಿಕ್‌ ಇದ್ದ ಅಲ್ಯೂಮಿನಿಯಂ ಹಾಳೆ.

ಮನೆಯಲ್ಲಿ ಏನೇನು ನೋಡಬೇಕು?

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ 15 ಮೀಟರ್‌ ಮತ್ತು ಅದಕ್ಕಿಂತ ಎತ್ತರದ್ದು ಬಹುಮಹಡಿ ಕಟ್ಟಡ. ನಮ್ಮ ಊರುಗಳ ಎರಡು, ಮೂರು ಅಂತಸ್ತಿನ ಮನೆಗಳು ಅದಕ್ಕಿಂತ ಗಿಡ್ಡ. ಅಂಥ ಮನೆಗಳನ್ನು ವರ್ಷಕ್ಕೊಮ್ಮೆಯಾದರೂ ಮನೆಯವರೇ ನೋಡಿಕೊಳ್ಳಬೇಕು. ಮಳೆಗಾಲ ಮುಗಿದ ಮೇಲೆ ಒಂದು ದಿನ ಸಾಕು.

• ಗೋಡೆ ಮತ್ತು ಪಿಲ್ಲರ್‌, ಗೋಡೆ ಮತ್ತು ಬೀಮ್‌ ಸೇರುವಲ್ಲಿ ಬಿರುಕಿದೆಯೇ ನೋಡಿ. ಕೂದಲೆಳೆಯ ಗೆರೆಗೆ ಹೆದರಬೇಕಿಲ್ಲ. ಬೆಂಕಿಕಡ್ಡಿ ತೂರುವಷ್ಟಿದ್ದರೆ, ಅಥವಾ ಪ್ರತಿ ವರ್ಷ ಹಿಗ್ಗುತ್ತಿದ್ದರೆ ಎಂಜಿನಿಯರಿಗೆ ತೋರಿಸಿ.
• ಪೈಪ್‌, ಕೇಬಲ್‌ ಹಾದುಹೋದ ತೂತುಗಳನ್ನು ಗಾರೆಯಿಂದ ಪೂರ್ತಿ ಆಳಕ್ಕೆ ಮುಚ್ಚಿಸಿ. ಕೇಬಲ್‌ ಗೊಂಚಲು ಇದ್ದಲ್ಲಿ ಬೆಂಕಿ ತಡೆಯುವ ಸೀಲೆಂಟ್‌ ಬಳಸಬಹುದು. ಸಾಮಾನ್ಯ ಸ್ಪ್ರೇ ಫೋಮ್‌ ಬೇಡ.
• ಮೀಟರ್‌ ಬೋರ್ಡ್‌ ಇರುವ ಗೋಡೆ ತೇವವಾಗಿದ್ದರೆ ಮೊದಲು ಸೋರಿಕೆ ನಿಲ್ಲಿಸಿ, ಬಣ್ಣ ಆಮೇಲೆ ಬಳಿಸಿ. ಎಂಸಿಬಿ ಜೊತೆಗೆ 30 ಮಿಲಿಆಂಪಿಯರ್‌ ಆರ್‌ಸಿಸಿಬಿ ಹಾಕಿಸಿ. ತೇವದಿಂದ ಸೋರುವ ವಿದ್ಯುತ್ತನ್ನು ಅದು ಗುರುತಿಸಿ ಕಡಿತಗೊಳಿಸುತ್ತದೆ.
• ಸ್ಲ್ಯಾಬಿನ ಕೆಳಗೆ ತುಕ್ಕಿನ ಕಲೆ, ಉಬ್ಬು, ಉದುರಿದ ಕಾಂಕ್ರೀಟ್‌ ಕಂಡರೆ ಬರೀ ಪುಟ್ಟಿ ಹಚ್ಚಿ ಮುಚ್ಚಬೇಡಿ. ತುಕ್ಕು ತೆಗೆದು, ಸರಳಿಗೆ ರಕ್ಷಣೆ ಕೊಟ್ಟು, ರಿಪೇರಿ ಗಾರೆಯಿಂದ ಕವರ್‌ ಮರಳಿ ಕಟ್ಟಿಸಬೇಕು.
• ಬಟ್ಟೆ, ಹತ್ತಿ, ಹೊಟ್ಟು ಇಡುವ ಕೋಣೆ ಮಲಗುವ ಕೋಣೆಯ ಪಕ್ಕದಲ್ಲಿದ್ದರೆ ನಡುವಿನ ಗೋಡೆ ಸ್ಲ್ಯಾಬಿನವರೆಗೆ ಮುಟ್ಟಿದೆಯೇ ನೋಡಿ. ಫಾಲ್ಸ್‌ ಸೀಲಿಂಗಿನ ಮೇಲೆ ತೆರೆದೇ ಬಿಟ್ಟ ಗೋಡೆಯಿಂದ ಹೊಗೆ ತಡೆಯಲಾಗದು.
• ಮೆಟ್ಟಿಲಿನ ಕೆಳಗೆ ಇ–ಸ್ಕೂಟರ್‌ ಚಾರ್ಜಿಂಗ್‌, ಸಿಲಿಂಡರ್‌, ಹಳೆ ಸಾಮಾನು ಬೇಡ. ಮಾಳಿಗೆಯ ಬಾಗಿಲಿನ ಬೀಗದ ಕೈ ಎಲ್ಲರಿಗೂ ಸಿಗುವ ಜಾಗದಲ್ಲಿರಲಿ.
• ಗ್ಯಾಸ್‌ ಕೊಳವೆಯ ಮೇಲೆ ಅಚ್ಚಾದ ಅವಧಿ ಮುಗಿದಿದ್ದರೆ ಬದಲಿಸಿ. ಅನಿಲ ಸೋರಿಕೆಗೆ 1906ಕ್ಕೆ ಕರೆ ಮಾಡಬಹುದು.
• ಎಬಿಸಿ ಪುಡಿಯ ಅಗ್ನಿಶಾಮಕ ಒಂದನ್ನು ಅಡುಗೆಮನೆಯ ಒಳಗಲ್ಲ, ಬಾಗಿಲ ಹೊರಗೆ ತೂಗುಹಾಕಿ. ಹೊಗೆ ಪತ್ತೆ ಮಾಡುವ ಬ್ಯಾಟರಿ ಸಾಧನ ಮಲಗುವ ಕೋಣೆಯ ಹೊರಗಿದ್ದರೆ ರಾತ್ರಿ ಹೊತ್ತು ಎಚ್ಚರಿಸುತ್ತದೆ.

ಬೆಂಕಿ ಬಿದ್ದರೆ ಮೊದಲು ಎಲ್ಲರೂ ಹೊರಬನ್ನಿ, ಬರುವಾಗ ಬಾಗಿಲು ಎಳೆದುಕೊಳ್ಳಿ, 112 ಅಥವಾ 101ಕ್ಕೆ ಕರೆ ಮಾಡಿ. ಸಾಮಾನಿಗಾಗಿ ಮರಳಿ ಒಳಗೆ ಹೋಗಬೇಡಿ.

ಬೆಂಕಿ ಆರಿದ ಮೇಲೆ ಅದೇ ಮನೆಯಲ್ಲಿ ಇರಬಹುದೇ?

ಗೋಡೆ ನಿಂತಿದೆ ಎಂಬ ಕಾರಣಕ್ಕೆ ಬಣ್ಣ ಬಳಿದು ಒಳಹೋಗುವುದು ಸರಿಯಲ್ಲ. ನೀರು ಕುಡಿದ ಬ್ಲಾಕ್‌ ಗೋಡೆ ಭಾರವಾಗಿರುತ್ತದೆ, ಒಣಗಲು ವಾರಗಳೇ ಬೇಕು. ಅದಕ್ಕೆ ಒರಗಿಕೊಂಡು ಯಾವ ಸಾಮಾನನ್ನೂ ಇಡಬೇಡಿ. ಕಾಂಕ್ರೀಟಿನ ಬಣ್ಣ ನಸುಗೆಂಪಾಗಿದ್ದರೆ ಅಲ್ಲಿ ಉಷ್ಣತೆ ಸುಮಾರು 300 ಡಿಗ್ರಿ ದಾಟಿದೆ ಎಂಬ ಸೂಚನೆ. ಎಲ್ಲಾ ಬಗೆಯ ಜಲ್ಲಿಯಲ್ಲೂ ಈ ಬಣ್ಣ ಬರುವುದಿಲ್ಲ, ಆದ್ದರಿಂದ ಬಣ್ಣ ಬದಲಾಗದಿದ್ದರೆ ಸುರಕ್ಷಿತ ಎಂದು ತಿಳಿಯಬೇಡಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಪದರ ಬಿಟ್ಟಿದೆ ಎಂದರ್ಥ. ಪಿಲ್ಲರ್‌, ಬೀಮುಗಳನ್ನು ಸ್ಟ್ರಕ್ಚರಲ್‌ ಎಂಜಿನಿಯರ್‌ ಪರೀಕ್ಷಿಸಿ ಬರೆದುಕೊಟ್ಟ ಮೇಲೆಯೇ ವಾಸಕ್ಕೆ ಮರಳಬೇಕು. ವೈರಿಂಗನ್ನು ಪೂರ್ತಿ ಹೊಸದಾಗಿ ಹಾಕಿಸಬೇಕು.

ನಮ್ಮ ತೀರ್ಮಾನ

‘ಹಗುರ ಕಾಂಕ್ರೀಟ್‌ ಬ್ಲಾಕಿನ ಮನೆಗೆ ಬೆಂಕಿಯ ಭಯವಿಲ್ಲ’ ಎಂಬ ಹೇಳಿಕೆ ದಾರಿ ತಪ್ಪಿಸುವಂಥದ್ದು. ಎಎಸಿ ಬ್ಲಾಕ್‌ ಉರಿಯುವುದಿಲ್ಲ, ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಗಂಟೆಗಳಲ್ಲಿ ಹೇಳುವ ತಾಳಿಕೆ ಸಂದು, ಗಿಲಾವು, ತೂತು ಎಲ್ಲ ಸರಿಯಿರುವ ಇಡೀ ಗೋಡೆಯದ್ದು. ‘ಹಗುರ ಕಾಂಕ್ರೀಟ್‌ ಹಳೆಯದಾದರೆ ಎಲ್ಲವೂ ಕುಸಿಯುತ್ತದೆ’ ಎಂಬುದೂ ಸರಿಯಲ್ಲ. ಆ ಆತಂಕ ಸರಳು ಹಾಕಿದ ಛಾವಣಿ ಹಲಗೆಗಳಿಗೆ ಸಂಬಂಧಿಸಿದ್ದು, ಗೋಡೆಯ ಬ್ಲಾಕಿಗಲ್ಲ. ನಿಮ್ಮ ಮನೆಯಲ್ಲಿ ಬಳಸಿದ್ದು ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಮೇಲಿನ ಪಟ್ಟಿಯಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಗೋಡೆಯಲ್ಲಿ ತೆರೆದಿರುವ ತೂತುಗಳನ್ನು ಮುಚ್ಚಿಸಿ. ಒಂದು ಬಾಂಡ್ಲಿ ಗಾರೆ ಮತ್ತು ಗೌಂಡಿಯ ಅರ್ಧ ದಿನದ ಕೂಲಿಯಲ್ಲಿ ಆಗುವ ಕೆಲಸವದು.